ಬಿಎಸ್ಸಿಯಲ್ಲಿ ಹುಡುಗಿಯರು, ಮೆಕ್ಯಾನಿಕಲ್‌ನಲ್ಲಿ ಹುಡುಗರು: ಈ ಆಯ್ಕೆ ಆಗುವುದು ಎಲ್ಲಿ, ಅಳೆಯುವುದು ಹೇಗೆ?

ಪ್ರಶ್ನೆ: ನಾನು ಮಂಡ್ಯದ ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಉಪನ್ಯಾಸಕಿ. ನಮ್ಮ ಬಿಎಸ್ಸಿ ತರಗತಿಗಳ ತುಂಬ ಹುಡುಗಿಯರೇ. ಬಿಎಯಲ್ಲಿ ಹುಡುಗರು ಜಾಸ್ತಿ. ಅದೇ ಎಂಜಿನಿಯರಿಂಗ್ ಕಾಲೇಜಿಗೆ ಹೋದರೆ ಮೆಕ್ಯಾನಿಕಲ್, ಸಿವಿಲ್ ತರಗತಿಗಳಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಇದರ ಬಗ್ಗೆ ಕಾಲೇಜಿಗೆ ಒಂದು ಅಧ್ಯಯನ ವರದಿ ಕೊಡಬೇಕಾಗಿದೆ. ‘ಈ ಕೋರ್ಸನ್ನು ಏಕೆ ಆರಿಸಿಕೊಂಡಿರಿ?’ ಎಂದು ನಮೂನೆ ಹಂಚಿದರೆ ಹೆಚ್ಚುಕಡಿಮೆ ಎಲ್ಲರೂ ‘ಆಸಕ್ತಿಯಿಂದ’ ಎಂದೇ ಗುರುತು ಹಾಕಿದ್ದಾರೆ. ಸಹೋದ್ಯೋಗಿಗಳು ‘ಅದು ಹುಟ್ಟುಗುಣ ಮೇಡಂ, ಬಿಡಿ’ ಅನ್ನುತ್ತಾರೆ. ಮುಂದೇನು ಮಾಡಲಿ?

ಉತ್ತರ: ನಿಮ್ಮ ವಿದ್ಯಾರ್ಥಿಗಳು ಸುಳ್ಳು ಬರೆದಿಲ್ಲ. ಅರ್ಜಿ ಹಾಕಿ, ಸೀಟು ಸಿಕ್ಕಿ, ತರಗತಿಯಲ್ಲಿ ಕೂತು ನಾಲ್ಕು ತಿಂಗಳು ಕಳೆದ ಮೇಲೆ ಓದುತ್ತಿರುವ ವಿಷಯದಲ್ಲಿ ಆಸಕ್ತಿ ಹುಟ್ಟಿಯೇ ಇರುತ್ತದೆ. ಎಡವಟ್ಟಾಗಿರುವುದು ಪ್ರಶ್ನೆ ಕೇಳಿದ ಹೊತ್ತಿನಲ್ಲಿ. ಪದವಿ ಕಾಲೇಜಿನ ಅರ್ಜಿ ಕೈಗೆ ಬರುವಷ್ಟರಲ್ಲಿ ಆಯ್ಕೆಯ ಬಹುಪಾಲು ಮುಗಿದುಹೋಗಿರುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಒಂದೆರಡು ವಾರದಲ್ಲಿ ವಿಜ್ಞಾನವೋ ಕಲೆಯೋ ವಾಣಿಜ್ಯವೋ ಎಂಬುದು ತೀರ್ಮಾನವಾಗುತ್ತದೆ. ಪಿಯು ಕಾಂಬಿನೇಷನ್ ಹಿಡಿಯುವಾಗ ಪಿಸಿಎಂಬಿಯೋ (ಜೀವಶಾಸ್ತ್ರ ಇರುವುದು) ಪಿಸಿಎಂಸಿಯೋ (ಕಂಪ್ಯೂಟರ್ ಸೈನ್ಸ್ ಇರುವುದು) ಎಂಬುದು. ಸಿಇಟಿ ರ‍್ಯಾಂಕ್ ಬಂದ ಮೇಲೆ ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜು, ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವಾಗ) ಊರು ಮತ್ತು ಬ್ರ್ಯಾಂಚ್. ಈ ಮೂರೂ ಕಡೆ ಸೋಸಿ ಉಳಿದವರಷ್ಟೇ ನಿಮ್ಮ ಮುಂದೆ ಕೂತಿರುವುದು. ಆದ್ದರಿಂದ ನಿಮ್ಮ ವರದಿಯ ಪ್ರಶ್ನೆ ‘ಏಕೆ ಆರಿಸಿಕೊಂಡಿರಿ’ ಎಂಬುದಲ್ಲ, ‘ಯಾವ ಹಂತದಲ್ಲಿ, ಯಾವುದನ್ನು ಬಿಟ್ಟಿರಿ’ ಎಂಬುದು.

ಮೊದಲು ನಮೂನೆಗಳನ್ನು ಬದಿಗಿಟ್ಟು ದಾಖಲಾತಿ ಪಟ್ಟಿ ತೆಗೆಯಿರಿ. ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಿಂದ ನಿಮ್ಮ ಕಾಲೇಜಿನ ಪ್ರವೇಶದ ಮಾಹಿತಿ ಸಿಗುತ್ತದೆ. ಪ್ರತಿ ವಿದ್ಯಾರ್ಥಿಗೆ ಒಂದು ಸಾಲು: ಲಿಂಗ, ಕೋರ್ಸು, ಪಿಯುನಲ್ಲಿ ಓದಿದ ಕಾಂಬಿನೇಷನ್, ಪಿಯು ಕಾಲೇಜಿನ ಹೆಸರು, ಎಸ್ಸೆಸ್ಸೆಲ್ಸಿ ಗಣಿತ ಮತ್ತು ಪ್ರಥಮ ಭಾಷೆಯ ಅಂಕ, ಊರು. ಹೆಸರು, ಆಧಾರ್, ಮೊಬೈಲ್ ನಂಬರಿನ ಕಾಲಂಗಳನ್ನು ಆಗಲೇ ಅಳಿಸಿ ಕ್ರಮಸಂಖ್ಯೆ ಹಾಕಿಕೊಳ್ಳಿ.

ಇಲ್ಲಿ ಹೆಚ್ಚಿನವರು ಎಡವುವ ಒಂದು ಲೆಕ್ಕವಿದೆ. ಬರೀ ಉದಾಹರಣೆಗೆಂದು ಒಂದು ಕಾಲೇಜನ್ನು ಊಹಿಸಿಕೊಳ್ಳೋಣ. 400 ಹುಡುಗಿಯರು, 300 ಹುಡುಗರು. ಬಿಎಯಲ್ಲಿ 120 ಹುಡುಗಿಯರು, 150 ಹುಡುಗರು. ಬಿಎಸ್ಸಿಯಲ್ಲಿ 140 ಮತ್ತು 60. ಬಿಕಾಂನಲ್ಲಿ 140 ಮತ್ತು 90. ‘ಬಿಎಸ್ಸಿಯಲ್ಲಿ ಶೇ. 70, ಬಿಕಾಂನಲ್ಲಿ ಶೇ. 61ರಷ್ಟು ಹುಡುಗಿಯರು, ಹಾಗಾಗಿ ಎರಡೂ ಹುಡುಗಿಯರ ಕೋರ್ಸು’ ಎಂದು ಬರೆದುಬಿಡುತ್ತಾರೆ. ಕಾಲೇಜಿನಲ್ಲೇ ಶೇ. 57ರಷ್ಟು ಹುಡುಗಿಯರಿರುವಾಗ ಬಿಕಾಂನ ಶೇ. 61 ದೊಡ್ಡ ಸಂಗತಿಯೇ ಅಲ್ಲ. ಶೇಕಡಾವಾರನ್ನು ಕೋರ್ಸಿನೊಳಗೆ ತೆಗೆಯಬಾರದು, ಲಿಂಗದೊಳಗೆ ತೆಗೆಯಬೇಕು. ಒಟ್ಟು ಹುಡುಗಿಯರಲ್ಲಿ ಬಿಎಸ್ಸಿಗೆ ಬಂದವರು ಶೇ. 35, ಹುಡುಗರಲ್ಲಿ ಶೇ. 20. ಬಿಎ: 30 ಮತ್ತು 50. ಬಿಕಾಂ: 35 ಮತ್ತು 30. ಈಗ ಚಿತ್ರ ಬೇರೆಯೇ ಕಾಣುತ್ತದೆ. ನಿಜವಾದ ಬಿರುಕು ಇರುವುದು ಬಿಎ–ಬಿಎಸ್ಸಿ ನಡುವೆ.

ಇಡೀ ಕಾಲೇಜಿಗೆ ಒಂದೇ ಅಂಕಿ ಬೇಕಿದ್ದರೆ ಅಸಮಾನ ಹಂಚಿಕೆಯ ಸೂಚ್ಯಂಕ ತೆಗೆಯಬಹುದು. ಪ್ರತಿ ಕೋರ್ಸಿನಲ್ಲಿ ಎರಡು ಶೇಕಡಾಗಳ ವ್ಯತ್ಯಾಸ ತೆಗೆದು, ಚಿಹ್ನೆ ಬಿಟ್ಟು ಕೂಡಿಸಿ, ಎರಡರಿಂದ ಭಾಗಿಸಿ. ಇಲ್ಲಿ 15, 20, 5 ಸೇರಿ 40, ಅರ್ಧ 20. ಅಂದರೆ ಹುಡುಗಿಯರಲ್ಲಿ (ಅಥವಾ ಹುಡುಗರಲ್ಲಿ) ಶೇ. 20ರಷ್ಟು ಮಂದಿ ಕೋರ್ಸು ಬದಲಿಸಿದರೆ ಹಂಚಿಕೆ ಸಮವಾಗುತ್ತದೆ. ವರ್ಷದಿಂದ ವರ್ಷಕ್ಕೆ ಹೋಲಿಸಲು ಇದು ಅನುಕೂಲ. ಆದರೆ ಕೋರ್ಸುಗಳನ್ನು ಎಷ್ಟು ಸಣ್ಣದಾಗಿ ಒಡೆಯುತ್ತೀರೋ ಸೂಚ್ಯಂಕ ಅಷ್ಟು ಏರುತ್ತದೆ. ಒಂದು ವರ್ಷ ಬಿಎಸ್ಸಿಯನ್ನು ಒಂದೇ ಎಂದು ಎಣಿಸಿ, ಮರುವರ್ಷ ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಎಂದು ಬಿಡಿಸಿದರೆ ಹೋಲಿಕೆ ಕೆಟ್ಟಿತು.

ಇನ್ನು ಮುಖ್ಯವಾದ ಹೆಜ್ಜೆ. ಇದೇ ಉದಾಹರಣೆಯಲ್ಲಿ ಪಿಯು ವಿಜ್ಞಾನ ಓದಿ ಬಂದವರನ್ನಷ್ಟೇ ಬೇರ್ಪಡಿಸಿ. ಅಂಥ ಹುಡುಗಿಯರು 160, ಹುಡುಗರು 75 ಎಂದುಕೊಳ್ಳಿ. ಬಿಎಸ್ಸಿ ಸೇರಿದವರು ಕ್ರಮವಾಗಿ 140 ಮತ್ತು 60, ಅಂದರೆ ಶೇ. 87.5 ಮತ್ತು ಶೇ. 80. ಮೊದಲು 35ಕ್ಕೆ 20 ಎಂದು ಕಂಡಿದ್ದ ಅಂತರ ಇಲ್ಲಿ ಬಹುತೇಕ ಕರಗಿತು. ವ್ಯತ್ಯಾಸ ಆಕಸ್ಮಿಕವೇ ಎಂದು ನೋಡುವ ಕೈವರ್ಗ (chi-square) ಪರೀಕ್ಷೆ ಮಾಡಿದರೆ ಮೊದಲ ಪಟ್ಟಿಗೆ ಸುಮಾರು 32.6 ಬರುತ್ತದೆ (2 ಸ್ವಾತಂತ್ರ್ಯ ಪ್ರಮಾಣಕ್ಕೆ, ಅಂದರೆ degrees of freedomಗೆ, ಮಿತಿ 5.99; ಅದನ್ನು ದಾಟಿದರೆ ವ್ಯತ್ಯಾಸ ಬರೀ ಆಕಸ್ಮಿಕ ಎನ್ನಲಾಗದು), ಎರಡನೆಯದಕ್ಕೆ ಸುಮಾರು 2.3 ಮಾತ್ರ (ಮಿತಿ 3.84). ವ್ಯತ್ಯಾಸ ಹುಟ್ಟಿದ್ದು ನಿಮ್ಮ ಕಾಲೇಜಿನ ಕೌಂಟರಿನಲ್ಲಲ್ಲ, ಅಲ್ಲಿಗೆ ಬರುವ ಮೊದಲೇ. ನಿಮ್ಮ ನಿಜವಾದ ಪಟ್ಟಿ ಹೀಗೇ ಬರುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ಈ ಬೇರ್ಪಡಿಕೆ ಮಾಡದೆ ಬರೆದ ವರದಿಗೆ ಬೆಲೆ ಇರುವುದಿಲ್ಲ.

ಕೈವರ್ಗದ ಬಗ್ಗೆ ಒಂದು ಮಾತು. ಪಟ್ಟಿಯ ಯಾವುದಾದರೂ ಮನೆಯ (ಚೌಕದ) ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಿದ್ದರೆ ಅದನ್ನು ಬಳಸಬೇಡಿ, ಸಣ್ಣ ಸಂಖ್ಯೆಗಳಿಗೆ ಒಗ್ಗುವ ಫಿಷರ್ ಪರೀಕ್ಷೆಗೆ ಹೋಗಿ. ಇಡೀ ಕಾಲೇಜನ್ನೇ ಎಣಿಸಿದ್ದೀರಾದರೆ ಅದು ಮಾದರಿಯೇ ಅಲ್ಲ. ಹಾಗಿದ್ದಾಗ ‘ಗಣನೀಯ’ ಎಂಬ ಮಾತಿಗಿಂತ ‘15 ಶೇಕಡಾ ಅಂಶದ ವ್ಯತ್ಯಾಸ’ ಎಂಬ ನೇರ ಮಾತು ಹೆಚ್ಚು ಹೇಳುತ್ತದೆ.

ಬಿಎಸ್ಸಿಯಲ್ಲಿ ಹುಡುಗರು ಏಕೆ ಕಡಿಮೆ? ಅವರು ವಿಜ್ಞಾನ ಬಿಟ್ಟಿಲ್ಲ, ನಿಮ್ಮ ಪಟ್ಟಿ ಬಿಟ್ಟಿದ್ದಾರೆ. ಪಿಯು ವಿಜ್ಞಾನ ಮುಗಿಸಿದ ಹುಡುಗ ಬಿಇಗೆ ಹೋಗುತ್ತಾನೆ, ರ‍್ಯಾಂಕ್ ದೂರವಿದ್ದರೂ ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟಿಗೆ ಹೋಗುತ್ತಾನೆ. ಇನ್ನೊಬ್ಬ ಎಸ್ಸೆಸ್ಸೆಲ್ಸಿಯಿಂದಲೇ ಡಿಪ್ಲೊಮಾ ಅಥವಾ ಐಟಿಐ ಹಿಡಿದಿರುತ್ತಾನೆ. ಅದೇ ಮನೆಯ ಹುಡುಗಿ ಅಷ್ಟೇ ಅಂಕ ತೆಗೆದು ಹತ್ತಿರದ ಸರ್ಕಾರಿ ಕಾಲೇಜಿನ ಬಿಎಸ್ಸಿಗೆ ಬರುತ್ತಾಳೆ, ಆಮೇಲೆ ಬಿಇಡಿ. ‘ಬಿಎಸ್ಸಿಯಲ್ಲಿ ಹುಡುಗಿಯರು ಹೆಚ್ಚು’, ‘ಮೆಕ್ಯಾನಿಕಲ್‌ನಲ್ಲಿ ಹುಡುಗಿಯರು ಕಡಿಮೆ’ ಎಂಬವು ಎರಡು ಬೇರೆ ಸಂಗತಿಗಳಲ್ಲ. ಮನೆಯವರು ಯಾರ ಓದಿಗೆ ಎಷ್ಟು ದುಡ್ಡು, ಎಷ್ಟು ದೂರ ಒಪ್ಪಿದರು ಎಂಬ ಒಂದೇ ಲೆಕ್ಕದ ಎರಡು ಬದಿ. ದೇಶದ ಮಟ್ಟದಲ್ಲೂ ಇದೇ ಆಕಾರ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2020-21ರ ವರದಿಯಲ್ಲಿ ಒಟ್ಟು ದಾಖಲಾತಿ ಸುಮಾರು 4.14 ಕೋಟಿ, ಅದರಲ್ಲಿ ಹೆಣ್ಣುಮಕ್ಕಳು ಶೇ. 49ರಷ್ಟು. ಪದವಿ ಮಟ್ಟದ ವಿಜ್ಞಾನದಲ್ಲಿ ಅವರ ಪಾಲು ಅರ್ಧಕ್ಕಿಂತ ತುಸು ಹೆಚ್ಚು, ಎಂಜಿನಿಯರಿಂಗ್‌ನಲ್ಲಿ ಶೇ. 29ರ ಆಸುಪಾಸು. ‘ಹೆಣ್ಣುಮಕ್ಕಳಿಗೆ ವಿಜ್ಞಾನ ಒಗ್ಗುವುದಿಲ್ಲ’ ಎನ್ನುವವರ ಮುಂದೆ ಈ ಎರಡು ಅಂಕಿಗಳನ್ನು ಒಟ್ಟಿಗೇ ಇಡಿ.

ಈಗ ನಿಮ್ಮ ಸಹೋದ್ಯೋಗಿಗಳ ‘ಹುಟ್ಟುಗುಣ’ದ ಮಾತಿಗೆ ಬರೋಣ. ಅದನ್ನು ತಳ್ಳಿಹಾಕದೆ, ಅದರಲ್ಲಿರುವ ಎರಡು ಬೇರೆ ವಾದಗಳನ್ನು ಬಿಡಿಸಿ ನೋಡಿ.

ಒಂದು, ಗಣಿತದ ಸಾಮರ್ಥ್ಯ. ಅಮೆರಿಕದ ಹಲವು ರಾಜ್ಯಗಳ 2ರಿಂದ 11ನೇ ತರಗತಿವರೆಗಿನ ಪರೀಕ್ಷಾ ಅಂಕಗಳನ್ನು ಜ್ಯಾನೆಟ್ ಹೈಡ್ ಮತ್ತು ಸಂಗಡಿಗರು 2008ರಲ್ಲಿ ಪರಿಶೀಲಿಸಿದಾಗ ಸರಾಸರಿ ವ್ಯತ್ಯಾಸ ಸೊನ್ನೆಯ ಹತ್ತಿರವೇ ಇತ್ತು. ಇದಕ್ಕಿಂತ ಉಪಯುಕ್ತವಾದ ವಿವರಣೆ ಬೇರೊಂದಿದೆ. ಥಾಮಸ್ ಬ್ರೆಡಾ ಮತ್ತು ಕ್ಲೋಟಿಲ್ಡ್ ನಾಪ್ 2019ರಲ್ಲಿ ಪೀಸಾ (ಹಲವು ದೇಶಗಳ 15 ವರ್ಷದ ಮಕ್ಕಳಿಗೆ ನಡೆಸುವ) ಪರೀಕ್ಷೆಯ ಮಾಹಿತಿಯಿಂದ ತೋರಿಸಿದ್ದು ಇದು: ಗಣಿತದಲ್ಲಿ ಒಂದೇ ಮಟ್ಟದಲ್ಲಿರುವ ಹುಡುಗ ಹುಡುಗಿಯರಲ್ಲಿ ಹುಡುಗಿ ಓದು-ಭಾಷೆಯಲ್ಲಿ ಮುಂದಿರುತ್ತಾಳೆ. ತನ್ನ ಅಂಕಗಳನ್ನು ತಾನೇ ಹೋಲಿಸಿಕೊಂಡು ‘ನನ್ನ ಬಲ ಭಾಷೆ’ ಎಂದುಕೊಳ್ಳುತ್ತಾಳೆ. ಗಣಿತ ಬೇಡುವ ಓದಿಗೆ ಹೋಗುವ ಇರಾದೆಯಲ್ಲಿನ ಅಂತರದ ಶೇ. 80ರವರೆಗೂ ಈ ಒಂದು ಸಂಗತಿಯೇ ವಿವರಿಸುತ್ತದೆಂದು ಅವರ ಲೆಕ್ಕ. ಭಾರತ ಆ ಮಾಹಿತಿಯಲ್ಲಿಲ್ಲ, ಹಾಗಾಗಿ ಮಂಡ್ಯಕ್ಕೆ ಇದನ್ನು ಎತ್ತಿಕೊಂಡು ಬರುವಂತಿಲ್ಲ, ನಿಮ್ಮ ಪಟ್ಟಿಯಲ್ಲೇ ಪರೀಕ್ಷಿಸಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ 125ಕ್ಕೆ, ಗಣಿತ 100ಕ್ಕೆ. ಭಾಷೆಯ ಅಂಕವನ್ನು ಮೊದಲು ಶೇಕಡಾಕ್ಕೆ ಇಳಿಸಿ, ಆಮೇಲೆ ಗಣಿತದಿಂದ ಕಳೆಯಿರಿ. ಗಣಿತ 88, ಕನ್ನಡ 120 (ಶೇ. 96) ಇರುವ ಹುಡುಗಿಗೆ ಬರುವುದು −8. ಗಣಿತ 88, ಕನ್ನಡ 100 (ಶೇ. 80) ಇರುವ ಹುಡುಗನಿಗೆ +8. ಗಣಿತದಲ್ಲಿ ಇಬ್ಬರೂ ಸಮ, ಆದರೆ ತಮ್ಮನ್ನು ತಾವು ನೋಡಿಕೊಳ್ಳುವ ರೀತಿ ತಿರುಗುಮುರುಗು. ಕನ್ನಡದಲ್ಲಿ 120ರ ಮೇಲೆ ಗುಂಪುಗಟ್ಟಿದವರು ಬಹಳ ಇದ್ದರೆ ಅಳತೆ ಮೇಲ್ತುದಿಯಲ್ಲಿ ಚಪ್ಪಟೆಯಾಗಿದೆ ಎಂದು ತಿಳಿಯಿರಿ. ಬೇರೆ ಬೇರೆ ವರ್ಷದ ಪರೀಕ್ಷೆಗಳ ಬಿಗಿ ಬೇರೆ ಬೇರೆ, ಆದ್ದರಿಂದ ಆ ವರ್ಷದ ಸರಾಸರಿಯಿಂದ ಎಷ್ಟು ಮೇಲೆ ಕೆಳಗೆ ಎಂದು ನೋಡುವುದು ಉತ್ತಮ.

ಎರಡು, ಅಭಿರುಚಿ. ವಸ್ತುಗಳ ಕಡೆ ಒಲವು, ಜನರ ಕಡೆ ಒಲವು ಎಂದು ಅಳೆದಾಗ ಗಂಡು ಹೆಣ್ಣಿನ ನಡುವೆ ದೊಡ್ಡ ಸರಾಸರಿ ವ್ಯತ್ಯಾಸ ಕಾಣುತ್ತದೆ. ರಾಂಗ್ ಸು ಮತ್ತು ಸಂಗಡಿಗರ 2009ರ ಸಂಗ್ರಹ ವಿಶ್ಲೇಷಣೆ (ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವುದು) ಅದನ್ನೇ ಹೇಳುತ್ತದೆ, ಅದನ್ನು ಮುಚ್ಚಿಡಬಾರದು. ಆದರೆ ಅಭಿರುಚಿಯನ್ನು ಅಳೆಯುವ ಹೊತ್ತಿಗೆ ಬೆಳೆಸಿದ ರೀತಿಯೂ ಅದರೊಳಗೆ ಸೇರಿಹೋಗಿರುತ್ತದೆ. ಹುಟ್ಟುಗುಣವಷ್ಟೇ ಕಾರಣವಾದರೆ ಕಂಪ್ಯೂಟರ್ ಸೈನ್ಸ್‌ನ ಚರಿತ್ರೆಗೆ ಉತ್ತರ ಹೇಳುವುದು ಹೇಗೆ? ಅಮೆರಿಕದಲ್ಲಿ 1984ರ ಸುಮಾರಿಗೆ ಆ ಪದವೀಧರರಲ್ಲಿ ಶೇ. 37ರಷ್ಟು ಹೆಂಗಸರಿದ್ದರು, ಮುಂದಿನ ದಶಕಗಳಲ್ಲಿ ಅದು ಶೇ. 20ರ ಆಸುಪಾಸಿಗೆ ಕುಸಿಯಿತು. ನಮ್ಮಲ್ಲಿ ಅದೇ ವಿಷಯ ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದ್ದು ಎನಿಸಿಕೊಂಡಿದೆ: ಒಳಗೆ ಕೂತು ಮಾಡುವ ಕೆಲಸ, ಬಿಸಿಲಿಲ್ಲ, ಗ್ರೀಸಿಲ್ಲ, ಸಂಬಳ ಚೆನ್ನಾಗಿದೆ. ಭಾರತದ ವಿದ್ಯಾರ್ಥಿನಿಯರೊಂದಿಗೆ ಮಾತಾಡಿ ರೋಲಿ ವರ್ಮಾ ಮಾಡಿದ ಅಧ್ಯಯನಗಳೂ ಇದನ್ನೇ ದಾಖಲಿಸಿವೆ. ಒಂದೇ ವಿಷಯ ಒಂದು ದೇಶದಲ್ಲಿ ಗಂಡಿನದು, ಇನ್ನೊಂದರಲ್ಲಿ ಹೆಣ್ಣಿನದು ಆಗಬಹುದಾದರೆ ಕಾರಣವನ್ನು ವಿಷಯದ ಹೊರಗೇ ಹುಡುಕಬೇಕು. ನಮ್ಮ ಸೀಮೆಯ ರಾಜೇಶ್ವರಿ ಚಟರ್ಜಿ (ಹುಟ್ಟಿದ್ದು 1922) ಆಗ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಎಂಎಸ್ಸಿ ಮಾಡಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಟ್ಟಿದವರು. ಒಬ್ಬರ ಉದಾಹರಣೆಯಿಂದ ಸರಾಸರಿ ಬದಲಾಗುವುದಿಲ್ಲ ನಿಜ, ಆದರೆ ದಾರಿ ತೆರೆದಿದ್ದಾಗ ಏನಾಗಬಹುದೆಂದು ತಿಳಿಯುತ್ತದೆ.

‘ಸಮಾನತೆ ಹೆಚ್ಚಿರುವ ದೇಶಗಳಲ್ಲೇ ಹೆಣ್ಣುಮಕ್ಕಳು ವಿಜ್ಞಾನ ಓದುವುದು ಕಡಿಮೆ’ ಎಂಬ 2018ರ ಪ್ರಬಂಧವನ್ನು ಯಾರಾದರೂ ಎತ್ತಬಹುದು. ಅದರ ಲೆಕ್ಕದ ರೀತಿಯ ಬಗ್ಗೆ ಗಂಭೀರ ಆಕ್ಷೇಪಗಳು ಬಂದು, 2019ರಲ್ಲಿ ಲೇಖಕರು ತಿದ್ದುಪಡಿ ಪ್ರಕಟಿಸಿದರು. ಚರ್ಚೆಯ ವಸ್ತುವಾಗಿ ಇಟ್ಟುಕೊಳ್ಳಿ, ತೀರ್ಪಾಗಿ ಬೇಡ.

ಮಂಡ್ಯ ಜಿಲ್ಲೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ದೂರ. ಗಿರಿಜಾ ಬೋರ್ಕರ್ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಗ್ಗೆ ಮಾಡಿದ ಕೆಲಸವನ್ನು ನೀವು ಓದಲೇಬೇಕು. ದಾರಿ ಸುರಕ್ಷಿತವಾಗಿದ್ದರೆ ಸಾಕು, ಹುಡುಗಿಯರು ತಮ್ಮ ಅಂಕಕ್ಕೆ ಸಿಗಬಹುದಾಗಿದ್ದ ಒಳ್ಳೆಯ ಕಾಲೇಜನ್ನು ಬಿಟ್ಟು ಕೆಳಗಿನ ದರ್ಜೆಯದಕ್ಕೆ ಸೇರುತ್ತಾರೆ. ಸುರಕ್ಷಿತ ದಾರಿಗಾಗಿ ಹುಡುಗರಿಗಿಂತ ವರ್ಷಕ್ಕೆ ಸುಮಾರು 18,800 ರೂಪಾಯಿ ಹೆಚ್ಚಿಗೆ ಖರ್ಚು ಮಾಡಲು ತಯಾರಿರುತ್ತಾರೆ. ನಮ್ಮಲ್ಲಿ ಮಂಡ್ಯದಿಂದ ಮೈಸೂರಿಗೆ 45 ಕಿ.ಮೀ. ಅಷ್ಟೇ, ರೈಲೂ ಇದೆ. ಆದರೆ ನಾಗಮಂಗಲದ ಅಥವಾ ಕೆ.ಆರ್. ಪೇಟೆಯ ಒಳಹಳ್ಳಿಯ ಹುಡುಗಿಗೆ ಕಿಲೋಮೀಟರಿನ ಲೆಕ್ಕ ಬರುವುದಿಲ್ಲ. ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ, ಸಂಜೆ ಲ್ಯಾಬ್ ಮುಗಿದ ಮೇಲೆ ಊರಿಗೆ ಕೊನೆಯ ಬಸ್ಸು ಸಿಗುತ್ತದೆಯೇ, ಸ್ಟಾಪಿನಿಂದ ಮನೆಗೆ ನಡೆಯುವ ದಾರಿಯಲ್ಲಿ ದೀಪವಿದೆಯೇ ಎಂಬುದು ಅವಳ ಲೆಕ್ಕ. ಹಾಗಾಗಿ ದೂರವನ್ನು ನಿಮಿಷದಲ್ಲಿ ಕೇಳಿ, ಮನೆ ಬಾಗಿಲಿನಿಂದ ತರಗತಿ ಬಾಗಿಲಿನವರೆಗೆ, ಬಸ್ಸು ಬದಲಿಸುವ ಸಲ ಸೇರಿಸಿ.

ಇದನ್ನು ಪರೀಕ್ಷಿಸಲು ಸರ್ಕಾರವೇ ಒಂದು ಅವಕಾಶ ಒದಗಿಸಿಕೊಟ್ಟಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಬಂತು. ಅದಕ್ಕೂ ಮೊದಲಿನ ಎರಡು ವರ್ಷ, ನಂತರದ ಎರಡು ವರ್ಷ ಸೇರಿದವರ ಊರುಗಳಿಂದ ಸರಾಸರಿ ದೂರ ತೆಗೆಯಿರಿ, ಹುಡುಗಿಯರದು ಬೇರೆ, ಹುಡುಗರದು ಬೇರೆ. ಹುಡುಗಿಯರದು 14ರಿಂದ 19 ಕಿ.ಮೀ. ಆಗಿ, ಹುಡುಗರದು 16ರಿಂದ 18 ಆಗಿದ್ದರೆ, ಯೋಜನೆಯ ಖಾತೆಗೆ ಹಾಕಬಹುದಾದದ್ದು 5 ಅಲ್ಲ, 5ರಲ್ಲಿ 2 ಕಳೆದು 3 (ಇವೂ ಉದಾಹರಣೆಯ ಅಂಕಿಗಳೇ). ಹುಡುಗರ ಬದಲಾವಣೆಯನ್ನು ಕಳೆಯದಿದ್ದರೆ ಬೇರೆ ಕಾರಣಗಳೂ ಸೇರಿಹೋಗುತ್ತವೆ. ಒಂದು ಎಚ್ಚರ: ಇದೇ ಅವಧಿಯಲ್ಲಿ ಪದವಿಯ ರಚನೆಯೂ ಬದಲಾಗಿದೆ. 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಮಾದರಿ, 2024-25ರಿಂದ ಮತ್ತೆ ಮೂರು ವರ್ಷದ್ದು. ದೂರವನ್ನು ಹೋಲಿಸಬಹುದು, ವಿಷಯ ಸಂಯೋಜನೆಗಳನ್ನು ಈ ಎರಡು ಪದ್ಧತಿಗಳ ನಡುವೆ ನೇರವಾಗಿ ಹೋಲಿಸಬೇಡಿ.

ಎಂಜಿನಿಯರಿಂಗ್ ಕಡೆಗೆ, ನಮೂನೆಗಿಂತ ಹೆಚ್ಚು ನಿಜ ಹೇಳುವ ಕಾಗದ ಒಂದಿದೆ: ಸಿಇಟಿ ಆಪ್ಷನ್ ಎಂಟ್ರಿಯ ಪ್ರಿಂಟೌಟ್. ಮಂಡ್ಯದ ಪಿಇಎಸ್ (1962ರಲ್ಲಿ ಆರಂಭವಾದದ್ದು) ಅಥವಾ ಮೈಸೂರಿನ ಯಾವುದಾದರೂ ಕಾಲೇಜಿನ ಮೊದಲ ವರ್ಷದವರಲ್ಲಿ ಬಹಳ ಮಂದಿ ಇದನ್ನು ಪಿಡಿಎಫ್ ಆಗಿಯಾದರೂ ಇಟ್ಟುಕೊಂಡಿರುತ್ತಾರೆ. ಕೇಳಿ, ಹೆಸರು ಮತ್ತು ಸಿಇಟಿ ಸಂಖ್ಯೆ ಮುಚ್ಚಿ ನಕಲು ಪಡೆಯಿರಿ. ಅದರಲ್ಲಿರುವುದು ಕ್ರಮಸಂಖ್ಯೆ, ಕಾಲೇಜು, ಕೋರ್ಸು, ಇಷ್ಟೇ. ಮೊದಲ 20 ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ, ಮುಂದಿನ ಸಾಲಿಗೆ ಹೋಗುವಾಗ ಏನು ಬದಲಾಯಿತು ಎಂದು ಗುರುತು ಹಾಕಿ. ಪಿಇಎಸ್ ಕಂಪ್ಯೂಟರ್ ಸೈನ್ಸ್, ಪಿಇಎಸ್ ಇನ್ಫರ್ಮೇಷನ್ ಸೈನ್ಸ್, ಪಿಇಎಸ್ ಎಲೆಕ್ಟ್ರಾನಿಕ್ಸ್, ಪಿಇಎಸ್ ಸಿವಿಲ್ ಎಂದು ಹೋಗಿದ್ದರೆ ಊರು ನಿಂತಿದೆ, ಬ್ರ್ಯಾಂಚ್ ಓಡಿದೆ: ಈ ಹುಡುಗಿಗೆ ಬಿಗಿಯಾದ ಕಟ್ಟು ಊರಿನದು. ಪಿಇಎಸ್ ಕಂಪ್ಯೂಟರ್ ಸೈನ್ಸ್, ಮೈಸೂರಿನ ಎನ್‌ಐಇ ಕಂಪ್ಯೂಟರ್ ಸೈನ್ಸ್, ಬೆಂಗಳೂರಿನ ನಾಲ್ಕು ಕಾಲೇಜುಗಳ ಕಂಪ್ಯೂಟರ್ ಸೈನ್ಸ್ ಎಂದಿದ್ದರೆ ಬ್ರ್ಯಾಂಚ್ ನಿಂತಿದೆ, ಊರು ಓಡಿದೆ. 19 ಬದಲಾವಣೆಗಳಲ್ಲಿ ಎಷ್ಟು ಸಲ ಊರು ಬದಲಾಯಿತು, ಎಷ್ಟು ಸಲ ಬ್ರ್ಯಾಂಚ್ ಮಾತ್ರ ಬದಲಾಯಿತು ಎಂದು ಎಣಿಸಿದರೆ ಪ್ರತಿಯೊಬ್ಬರಿಗೂ ಎರಡು ಅಂಕಿ ಸಿಗುತ್ತವೆ. ರ‍್ಯಾಂಕ್ ಹತ್ತಿರ ಹತ್ತಿರವಿರುವ ಹುಡುಗ ಹುಡುಗಿಯರನ್ನೇ ಜೋಡಿ ಮಾಡಿ ಹೋಲಿಸಿ, ಇಲ್ಲದಿದ್ದರೆ ರ‍್ಯಾಂಕಿನ ಪರಿಣಾಮವನ್ನೇ ಲಿಂಗದ ಪರಿಣಾಮ ಎಂದುಕೊಳ್ಳುತ್ತೀರಿ. ಜೊತೆಗೆ ಪಟ್ಟಿಯನ್ನು ಟೈಪ್ ಮಾಡಿದವರು ಯಾರು ಎಂದೂ ಕೇಳಿ. ಅಣ್ಣನೋ, ಸೈಬರ್ ಸೆಂಟರಿನವರೋ, ತಾನೇ ಕೂತು ಮಾಡಿದ್ದೋ? ಸೀಟು ಹಂಚಿಕೆಯ ಪ್ರಾಯೋಗಿಕ ಫಲಿತಾಂಶವಾದ ಮಾಕ್ ಅಲಾಟ್‌ಮೆಂಟ್ ಬಂದ ಮೇಲೆ ಪಟ್ಟಿ ಬದಲಾಯಿತೇ? ಸೀಟು ಬಂದ ಮೇಲೆ ಯಾವ ಚಾಯ್ಸ್ ಕೊಟ್ಟರು? ಸೀಟು ಒಪ್ಪಿ ಮುಂದಿನ ಸುತ್ತಿಗೂ ಕಾಯುವ ಎರಡನೇ ಚಾಯ್ಸನ್ನು ಹುಡುಗರು ಹಿಡಿಯುತ್ತಾರೋ, ಸಿಕ್ಕಿದ್ದಕ್ಕೆ ಸೇರಿಬಿಡುವ ಮೊದಲನೆಯದನ್ನು ಹುಡುಗಿಯರು ಹಿಡಿಯುತ್ತಾರೋ ಎಂಬುದು ನೋಡಬೇಕಾದ ಸಂಗತಿ.

ಮನೆಯ ಮಾತನ್ನು ನೇರವಾಗಿ ಕೇಳಿದರೆ ಸಿಗುವುದಿಲ್ಲ. ‘ಗಂಡು ಹೆಣ್ಣು ಅಂತ ಭೇದ ಮಾಡಲ್ಲ ಮೇಡಂ’ ಎಂದೇ ಎಲ್ಲ ಪೋಷಕರೂ ಹೇಳುತ್ತಾರೆ, ಮನಸ್ಸಿನಿಂದಲೇ ಹೇಳುತ್ತಾರೆ. ‘ಜಾಸ್ತಿ ಓದಿಸಿದರೆ ಅಷ್ಟೇ ಓದಿದ ಗಂಡು ಹುಡುಕಬೇಕು’, ‘ಟೀಚರ್ ಕೆಲಸ ಆದರೆ ಮದುವೆಯಾದ ಮೇಲೂ ಎಲ್ಲಾದರೂ ನಡೆಯುತ್ತೆ’ ಎಂಬ ಲೆಕ್ಕಗಳು ಮಾತಿಗೆ ಬರುವುದು ಬೇರೆ ಸಂದರ್ಭದಲ್ಲಿ. ಅದಕ್ಕೆ ಎರಡು ಬಗೆಯ ಚೀಟಿ ಮಾಡಿ. ಎರಡರಲ್ಲೂ ಒಂದೇ ಸಣ್ಣ ವಿವರ: ಮದ್ದೂರು ತಾಲ್ಲೂಕಿನ ಒಂದು ಹಳ್ಳಿ, ಪಿಯುನಲ್ಲಿ ಶೇ. 85, ಮೈಸೂರಿನಲ್ಲಿ ಮೆಕ್ಯಾನಿಕಲ್ ಸೀಟು, ಹಾಸ್ಟೆಲ್ ಬೇಕು. ಊರ ಹತ್ತಿರ ಬಿಎಸ್ಸಿ ಸೀಟೂ ಇದೆ, ಯಾವುದಕ್ಕೆ ಸೇರಿಸುವುದು ಒಳ್ಳೆಯದು? ‘ಎ’ ಚೀಟಿಯಲ್ಲಿ ಹುಡುಗಿಯ ಹೆಸರು, ‘ಬಿ’ ಚೀಟಿಯಲ್ಲಿ ಹುಡುಗನ ಹೆಸರು. ಬೇರೆ ಒಂದಕ್ಷರವೂ ಬದಲಾಗಬಾರದು. ಚೀಟಿಗಳನ್ನು ಮೊದಲೇ ಕಲೆಸಿಟ್ಟು ಪೋಷಕರ ಸಭೆಯಲ್ಲಿ ಕೈಗೆ ಬಂದ ಹಾಗೆ ಹಂಚಿ. ಒಬ್ಬರಿಗೆ ಎರಡೂ ಕೊಟ್ಟರೆ ಉದ್ದೇಶ ಗೊತ್ತಾಗಿ ಕೆಟ್ಟುಹೋಗುತ್ತದೆ. ಪಕ್ಕಪಕ್ಕದವರು ಹೋಲಿಸಿ ನೋಡದ ಹಾಗೆ ಉತ್ತರವನ್ನು ಆಗಲೇ ವಾಪಸ್ ಪಡೆಯಿರಿ. ಓದಲು ಬಾರದವರಿಗೆ ಓದಿ ಹೇಳುವವರು ದನಿಯಲ್ಲಿ ಒತ್ತು ಹಾಕಬಾರದು.

ಎಷ್ಟು ಜನ ಬೇಕು? ಶೇ. 50ಕ್ಕೆ ಶೇ. 70ರಂಥ 20 ಅಂಶದ ವ್ಯತ್ಯಾಸ ಹಿಡಿಯಲು ಪ್ರತಿ ಚೀಟಿಗೆ ಸುಮಾರು 95 ಮಂದಿ ಸಾಕು. 50ಕ್ಕೆ 60ರಂಥ ಸಣ್ಣದನ್ನು ಹಿಡಿಯಲು ಪ್ರತಿ ಚೀಟಿಗೆ 390ರಷ್ಟು ಬೇಕು. 30-30 ಮಂದಿಯನ್ನು ಕೇಳಿ ‘ವ್ಯತ್ಯಾಸ ಕಾಣಲಿಲ್ಲ’ ಎಂದು ಬರೆಯುವುದು ತಪ್ಪು. ಅಷ್ಟರಲ್ಲಿ ಕಾಣುವುದೂ ಇಲ್ಲ.

ವಿದ್ಯಾರ್ಥಿಗಳ ನಮೂನೆಯನ್ನು ಹೊಸದಾಗಿ ಬರೆಯುವಾಗ ಅಭಿಪ್ರಾಯ ಬಿಡಿ, ನಡೆದದ್ದನ್ನು ಕೇಳಿ. ಯಾವ ಯಾವ ಕೋರ್ಸಿಗೆ ಅರ್ಜಿ ಹಾಕಿದ್ದಿರಿ? ಸೀಟು ಸಿಕ್ಕೂ ಬಿಟ್ಟದ್ದು ಯಾವುದು, ಏಕೆ? ಅಣ್ಣ ತಮ್ಮ ಅಕ್ಕ ತಂಗಿಯರು ಓದಿದ್ದು ಏನು, ಅವರ ವರ್ಷದ ಶುಲ್ಕ ಎಷ್ಟು? ಒಂದೇ ಮನೆಯ ಅಣ್ಣ ತಂಗಿಯರ ಶುಲ್ಕ ಪಕ್ಕಪಕ್ಕ ಬಂದಾಗ ಹತ್ತು ಅಭಿಪ್ರಾಯದ ಪ್ರಶ್ನೆಗಳು ಹೇಳದ್ದು ತಿಳಿಯುತ್ತದೆ. ನಿಮ್ಮ ಪಿಯು ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಇತ್ತೇ? ಹೋಬಳಿ ಮಟ್ಟದ ಪಿಯು ಕಾಲೇಜುಗಳಲ್ಲಿ ಕಲೆ, ವಾಣಿಜ್ಯ ಮಾತ್ರ ಇರುವುದುಂಟು. ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಒಂದೇ ಇರುವ ಕಡೆ ಎಚ್‌ಇಪಿಎಸ್ ತೆಗೆದುಕೊಂಡದ್ದನ್ನು ಆಯ್ಕೆ ಎಂದು ಕರೆಯಲಾಗದು. ಅಂಥ ವಿದ್ಯಾರ್ಥಿಗಳನ್ನು ವಿಶ್ಲೇಷಣೆಯಲ್ಲಿ ಬೇರೆಯೇ ಇಡಿ. ಕನ್ನಡ ಮಾಧ್ಯಮದಿಂದ ಬಂದವರನ್ನೂ ಗುರುತಿಸಿ. ಪಿಯು ವಿಜ್ಞಾನಕ್ಕೆ ಬಂದ ಕೂಡಲೇ ಪಾಠವೆಲ್ಲ ಇಂಗ್ಲಿಷಿಗೆ ತಿರುಗುವ ಹೆದರಿಕೆ ಯಾರನ್ನು ಹೆಚ್ಚು ತಡೆಯುತ್ತದೆ ಎಂಬುದು ಇಲ್ಲಿ ಸಿಗುತ್ತದೆ.

ಮೈಸೂರಿನ ಕಾಲೇಜುಗಳನ್ನೂ ಸೇರಿಸಿಕೊಳ್ಳುವ ಯೋಚನೆಯಿದ್ದರೆ ಒಂದು ಬಲೆ ಗಮನಿಸಿ. ಅಲ್ಲಿ ಯುವರಾಜ ಕಾಲೇಜು ವಿಜ್ಞಾನಕ್ಕೆ, ಮಹಾರಾಜ ಕಾಲೇಜು ಕಲೆಗೆ. ಹುಡುಗಿಯರಿಗೆ ಮಾತ್ರ ಮಹಾರಾಣಿ ವಿಜ್ಞಾನ, ಕಲಾ, ವಾಣಿಜ್ಯ ಕಾಲೇಜುಗಳೂ ಇವೆ. ಅಂದರೆ ಅವರಿಗೆ ಇನ್ನೊಂದು ಬಾಗಿಲಿದೆ. ಯುವರಾಜ ಕಾಲೇಜೊಂದನ್ನೇ ಎಣಿಸಿ ‘ವಿಜ್ಞಾನದಲ್ಲಿ ಹುಡುಗಿಯರ ಪಾಲು ಇಷ್ಟು’ ಎಂದರೆ ಮಹಾರಾಣಿಗೆ ಹೋದವರೆಲ್ಲ ಲೆಕ್ಕದಿಂದ ಬಿದ್ದುಹೋಗುತ್ತಾರೆ. ಮಂಡ್ಯದಲ್ಲೂ ಸರ್ಕಾರಿ ಮಹಿಳಾ ಕಾಲೇಜಿದೆ, ಮೈಸೂರಿನಲ್ಲಿ ಮಹಿಳೆಯರ ಎಂಜಿನಿಯರಿಂಗ್ ಕಾಲೇಜೂ ಇದೆ. ಎಣಿಸುವುದಾದರೆ ಊರಿನ ಎಲ್ಲ ಕಾಲೇಜುಗಳನ್ನೂ ಕೂಡಿಸಿ ಎಣಿಸಿ.

ಹುಡುಗರ ಕಡೆಯ ಕೊರತೆಯನ್ನೂ ಬರೆಯಿರಿ. ಭಾಷಾ ಬೋಧನೆ, ಬಿಇಡಿ, ನರ್ಸಿಂಗ್, ವಾಕ್ ಶ್ರವಣದಂಥ ಓದಿಗೆ ಹುಡುಗರು ಹಿಂಜರಿಯುವುದೂ ಲಿಂಗ ವ್ಯತ್ಯಾಸವೇ. ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ವಾಕ್ ಮತ್ತು ಶ್ರವಣ ಸಂಸ್ಥೆಯೂ 1960ರ ದಶಕದಿಂದ ಇವೆ. ಇಷ್ಟು ಹತ್ತಿರ ಇಂಥ ಸಂಸ್ಥೆಗಳಿದ್ದೂ ಮಂಡ್ಯದ ಹುಡುಗ ಅತ್ತ ತಿರುಗಿಯೂ ನೋಡುವುದಿಲ್ಲವೆಂದರೆ ಅವನನ್ನೂ ಯಾವುದೋ ಕಟ್ಟಿಹಾಕಿದೆ.

ಏನು ಮಾಡಿದರೆ ಬದಲಾಗುತ್ತದೆ ಎಂಬುದಕ್ಕೆ ಎರಡು ಗಟ್ಟಿ ಆಧಾರಗಳಿವೆ. ಐಐಟಿಗಳಲ್ಲಿ ಹುಡುಗಿಯರಿಗೆ ಹೆಚ್ಚುವರಿ ಸೀಟುಗಳನ್ನು 2018ರಲ್ಲಿ ಆರಂಭಿಸಿ, ಅವರ ಪಾಲನ್ನು ಆ ವರ್ಷ ಶೇ. 14ಕ್ಕೆ, 2020ರ ಹೊತ್ತಿಗೆ ಶೇ. 20ಕ್ಕೆ ಏರಿಸುವ ಗುರಿ ಇಟ್ಟರು. ಅದಕ್ಕೂ ಮೊದಲು ಅದು ಶೇ. 8ರ ಆಸುಪಾಸಿತ್ತು. ಇನ್ನೊಂದು, ಅಮೆರಿಕದ ವಾಯುಪಡೆ ಅಕಾಡೆಮಿಯ ಅಧ್ಯಯನ (2010). ಅಲ್ಲಿ ಯಾವ ವಿದ್ಯಾರ್ಥಿಗೆ ಯಾವ ಅಧ್ಯಾಪಕರು ಎಂಬುದು ಲಾಟರಿಯಂತೆ ನಿರ್ಧಾರವಾಗುತ್ತದೆ. ಗಣಿತದಲ್ಲಿ ಗಟ್ಟಿಯಾಗಿರುವ ಹುಡುಗಿಯರಿಗೆ ಮೊದಲ ವರ್ಷ ಅಧ್ಯಾಪಕಿ ಸಿಕ್ಕಾಗ ಅವರು ವಿಜ್ಞಾನ, ಎಂಜಿನಿಯರಿಂಗ್‌ನಲ್ಲಿ ಉಳಿಯುವುದು ಹೆಚ್ಚಿತು. ಹುಡುಗರ ಮೇಲೆ ಹೇಳಿಕೊಳ್ಳುವ ಪರಿಣಾಮ ಆಗಲಿಲ್ಲ. ನಿಮ್ಮ ಕಾಲೇಜಿನಲ್ಲಿ ಮೊದಲ ಸೆಮಿಸ್ಟರಿನ ಭೌತಶಾಸ್ತ್ರ, ಗಣಿತವನ್ನು ಯಾರು ತೆಗೆದುಕೊಳ್ಳುತ್ತಾರೆ ಎಂಬುದು ವೇಳಾಪಟ್ಟಿ ಮಾಡುವವರ ಕೈಯಲ್ಲೇ ಇರುವ ವಿಚಾರ.

ವರದಿ ಬರೆಯುವಾಗ 5ಕ್ಕಿಂತ ಕಡಿಮೆ ಮಂದಿ ಇರುವ ಪಟ್ಟಿಯ ಮನೆಗಳಲ್ಲಿ (ಚೌಕಗಳಲ್ಲಿ) ಸಂಖ್ಯೆ ಹಾಕದೆ ‘5ಕ್ಕಿಂತ ಕಡಿಮೆ’ ಎಂದೇ ಬರೆಯಿರಿ. ತರಗತಿಗೆ ಒಬ್ಬಳೇ ಹುಡುಗಿ ಇರುವಲ್ಲಿ ಅವಳ ಶುಲ್ಕ, ಜಾತಿ, ಅಂಕ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. 18 ತುಂಬದವರಿಂದ ಮಾಹಿತಿ ಪಡೆಯುವಾಗ ಪೋಷಕರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ವರದಿಯ ಒಂದು ಪ್ರತಿ ಪ್ರಾಂಶುಪಾಲರಿಗೆ ಹೋಗಲಿ. ಅದರ ಎರಡು ಪುಟದ ಸಾರವನ್ನು, ನಿಮ್ಮಲ್ಲಿಗೆ ಹೆಚ್ಚು ಮಕ್ಕಳನ್ನು ಕಳಿಸುವ ಹತ್ತು ಪಿಯು ಕಾಲೇಜು ಮತ್ತು ಪ್ರೌಢಶಾಲೆಗಳಿಗೆ ಜನವರಿಯೊಳಗೆ ತಲುಪಿಸಿ. ಹತ್ತನೇ ತರಗತಿಯ ಪೋಷಕರ ಸಭೆ ನಡೆಯುವುದು ಆಮೇಲೆ. ಮೇ ತಿಂಗಳ ಫಲಿತಾಂಶದ ನಂತರ ಕೊಟ್ಟರೆ ಆ ವರ್ಷದ ಮಕ್ಕಳಿಗೆ ಅದು ತಡ.